ಮಗುಚಿಟ್ಟ ಆನೆ

ಜನವರಿ ೧೪

ಅಕ್ಕ,

ನಿನ್ನನ್ನು ‘ನೀವು’ ಎಂದೇ ಕರೆದು ಬರೆಯಬೇಕೆಂದು ಪೆನ್ನು ಹಿಡಿದು ಕೂತೆ. ಮೊನ್ನೆ ಚೆಸ್ ಪಂದ್ಯದಲ್ಲಿ ನಮ್ಮ ಆಟ ಮುಗಿದ ಕೂಡಲೇ ಕೈ ಕುಲುಕಿ, ನಡೆ ಬರೆದ ಹಾಳೆಗೆ ಸಹಿ ಹಾಕಿ, ಯಾರೋ ಪರಸ್ಥಳದವರ ಹಾಗೆ ಎದ್ದು ಹೋದೆಯಲ್ಲ, ಅದಕ್ಕೆ. ಆದರೆ ಮೊದಲ ಸಾಲಿಗೇ ಕೈ ತಡೆಯಿತು. ನಿನ್ನ ಜಡೆ ಹಿಡಿದು ಎಳೆದು ಬೆಳೆದವನು ಈಗ ನೀವು, ತಾವು ಅಂದರೆ ನನಗೇ ನಗು ಬರುತ್ತದೆ.

ಮೊದಲು ಒಂದು ಮಾತು ಬರೆದುಬಿಡುತ್ತೇನೆ: ನಾನು ಗೆದ್ದೆ. ನಿನಗಿಂತ ಐನೂರು ಪಾಯಿಂಟ್ ಕಡಿಮೆ ರೇಟಿಂಗ್ ಇರುವ ಲಿಫ್ಟ್ ಮೆಕ್ಯಾನಿಕ್ ಗೆದ್ದ. ನಮ್ಮ ಕೆಲಸದ ಕಡೆ ಎಲ್ಲರಿಗೂ ಸುದ್ದಿ ಮುಟ್ಟಿದೆ. “ಅಕ್ಕನ್ನೇ ಸೋಲಿಸಿದ್ಯಂತಲ್ಲೋ, ಇನ್ಮೇಲೆ ನಿಂಗೆ ಊಟ ಯಾರ್ ಹಾಕ್ತಾರೆ?” ಎಂದು ನಮ್ಮ ಮೇಸ್ತ್ರಿ ತಮಾಷೆ ಮಾಡಿದರು. ನಾನೂ ನಕ್ಕೆ. ನೀನು ನನಗೆ ಊಟ ಹಾಕಿ ಎಷ್ಟು ವರ್ಷವಾಯಿತು ಎಂಬುದು ಅವರಿಗೆ ಗೊತ್ತಿಲ್ಲ, ನಾನು ಹೇಳಲೂ ಇಲ್ಲ.

ಗೆದ್ದವನು ಸಂತೋಷವಾಗಿರಬೇಕಿತ್ತು. ಆಗಲಿಲ್ಲ. ಕಾರಣ ನೀನೇ.

ನಿನ್ನ ಕಾಲಾಳು ಕೊನೆಯ ಮನೆ ಮುಟ್ಟಿತು, ಇನ್ನು ಅದು ರಾಣಿಯಾಗಬೇಕು. ಇಬ್ಬರ ಗಡಿಯಾರದಲ್ಲೂ ಸಮಯ ಮುಗಿಯುತ್ತ ಬಂದಿತ್ತು. ನಿನ್ನ ರಾಣಿ ಇನ್ನೂ ಹಲಗೆಯ ಮೇಲೇ ಇದ್ದದ್ದರಿಂದ ನಿನಗೆ ಎರಡನೇ ರಾಣಿ ಬೇಕಿತ್ತು. ಗಡಿಯಾರ ನಿಲ್ಲಿಸಿ, ತೀರ್ಪುಗಾರರನ್ನು ಕರೆದು, “ಒಂದು ರಾಣಿ ಕೊಡಿ” ಎಂದು ಕೇಳಬೇಕು. ಮಕ್ಕಳಿಗೆ ಮೊದಲ ತಿಂಗಳಲ್ಲೇ ನೀನು ಹೇಳಿಕೊಡುವ ಪಾಠ ಅದು. ನೀನೇನು ಮಾಡಿದೆ? ನಾನು ಹೊಡೆದಿದ್ದ ನಿನ್ನ ಆನೆಯನ್ನು ತಲೆಕೆಳಗೆ ಮಾಡಿ ಆ ಮನೆಯಲ್ಲಿಟ್ಟೆ. ಇಟ್ಟು ಗಡಿಯಾರ ಒತ್ತಿದೆ.

ಅಪ್ಪನ ಕಟಿಂಗ್ ಅಂಗಡಿಯಲ್ಲಿ ನಾವು ಹಾಗೇ ಆಡುತ್ತಿದ್ದೆವು, ನಿಜ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಕ್ರೀಮಿನ ಡಬ್ಬಿ ಒಂದು ಕಡೆ, ಬ್ರಷ್ಷು ಒಂದು ಕಡೆ, ನಡುವೆ ಚೆಸ್. ಆ ಪೆಟ್ಟಿಗೆಯಲ್ಲಿ ಹೆಚ್ಚಿನ ರಾಣಿ ಇರಲಿಲ್ಲ, ಆನೆಯನ್ನು ಮಗುಚಿಟ್ಟರೆ ಅದೇ ರಾಣಿ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅಪ್ಪ ಕತ್ತರಿಯಿಂದ ಕಣ್ಣೆತ್ತದೆ “ಬನ್ನಿ ಬನ್ನಿ, ಕುರ್ಚಿ ಖಾಲಿ ಇದೆ” ಎನ್ನುತ್ತಿದ್ದದ್ದು ನೆನಪಿದೆಯಾ? ಕುರ್ಚಿಯಲ್ಲಿ ಅರ್ಧ ತಲೆ ಕತ್ತರಿಸಿಕೊಂಡ ಗಿರಾಕಿ ಕೂತಿದ್ದರೂ ಅದೇ ಮಾತು. ನಮ್ಮ ಕಾಲಾಳು ಕೊನೆಯ ಮನೆಗೆ ಬಂದರೆ ಅದಕ್ಕೂ ಅದೇ ಮರ್ಯಾದೆ.

ಆದರೆ ಮೊನ್ನೆಯದು ಅಂಗಡಿಯಲ್ಲ. ನಿಯಮದ ಪ್ರಕಾರ ಮಗುಚಿಟ್ಟರೂ ಆನೆ ಆನೆಯೇ. ಅದನ್ನು ನೋಡಿದಾಗ ನನ್ನ ಮೈ ಉರಿಯಿತು ಅಕ್ಕ. ಇವನ ಎದುರು ಇಷ್ಟು ಸಾಕು, ಇವನ ಜೊತೆ ಆಡುವುದು ಹುಡುಗಾಟ, ಇವನಿಗ್ಯಾಕೆ ತೀರ್ಪುಗಾರರನ್ನು ಕರೆಯುವ ಶ್ರಮ ಎಂದುಕೊಂಡೆ ಅಲ್ಲವೇ? ಬೇರೆ ಯಾರ ಎದುರಾದರೂ ಹಾಗೆ ಮಾಡುತ್ತಿದ್ದೆಯಾ? ಅದಕ್ಕೇ ನಾನು ಬಾಯಿ ಬಿಡಲಿಲ್ಲ. ನಿನ್ನ ರಾಜನಿಗೆ ಮೇಟ್ ಬೆದರಿಕೆ ಹಾಕಿ ಸುಮ್ಮನೆ ಕೂತೆ. ಅದನ್ನು ತಡೆಯಲು ನೀನು ಆ ಆನೆಯನ್ನು ರಾಣಿಯ ಹಾಗೆ ಓರೆಯಾಗಿ ನಡೆಸಿದ ಮೇಲೆ ಕೈ ಎತ್ತಿ ತೀರ್ಪುಗಾರರನ್ನು ಕರೆದೆ. ಆನೆ ನೆಟ್ಟಗೆ ಮಾತ್ರ ನಡೆಯುತ್ತದೆ, ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂದರು ಅವರು. ಅದನ್ನು ಎಲ್ಲಿಗೆ ನಡೆಸಿದರೂ ಮೇಟ್ ತಪ್ಪುತ್ತಿರಲಿಲ್ಲ.

ಆಟ ಕಲಿಸಿದ ಅಪ್ಪನನ್ನು ಕೈಬಿಟ್ಟ ಹಾಗೆಯೇ ನನ್ನನ್ನೂ ಲೆಕ್ಕಕ್ಕಿಡಲಿಲ್ಲ ನೀನು. ಪೇಪರಿನವರು “ನಿಮಗೆ ಆಟ ಕಲಿಸಿದವರು ಯಾರು” ಎಂದು ಕೇಳಿದಾಗ ನೀನು ಕ್ಲಬ್ಬಿನ ಕೋಚ್ ಹೆಸರು ಹೇಳಿದೆ. ಅಪ್ಪ ಆ ಪೇಪರನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದ್ದರು. ಕ್ಷೌರಕ್ಕೆ ಕೂತವರೆಲ್ಲ ಅದನ್ನು ಓದಿ “ಮಗಳು ಭಾರಿ ಹೆಸರು ಮಾಡಿದ್ಲು” ಎಂದಾಗ ಹೌದು ಹೌದು ಎನ್ನುತ್ತಿದ್ದರು.

ಉತ್ತರ ಬರೆಯುತ್ತೀಯೋ ಬಿಡುತ್ತೀಯೋ, ನಿನ್ನಿಷ್ಟ.

ನಿನ್ನ ತಮ್ಮ


ಜನವರಿ ೨೯

ಕತ್ತರಿ,

ಅಪ್ಪ ನಿನಗೆ ಈ ಹೆಸರಿಟ್ಟದ್ದು ಸರಿಯಾಗಿಯೇ ಇದೆ. ನಿನ್ನ ಬಾಯಿ ಮೊದಲಿನ ಹಾಗೇ ಓಡುತ್ತದೆ, ಈಗ ಪೆನ್ನಿಗೂ ಅದೇ ರೋಗ. ಗೆದ್ದವರು ಸಾಮಾನ್ಯವಾಗಿ ಇಷ್ಟುದ್ದ ಬರೆಯುವುದಿಲ್ಲ. ಸೋತವರು ಬರೆಯುತ್ತಾರೆ.

ನೀನು ತೀರ್ಪುಗಾರರನ್ನು ಕರೆದದ್ದು ಸರಿ. ನಿನ್ನ ಜಾಗದಲ್ಲಿ ನಾನಿದ್ದರೂ ಕರೆಯುತ್ತಿದ್ದೆ. ಎದುರಾಳಿಯ ತಪ್ಪನ್ನು ಎತ್ತಿ ತೋರಿಸಿ ಉಪಕಾರ ಮಾಡು ಎಂದು ಯಾವ ನಿಯಮವೂ ಹೇಳುವುದಿಲ್ಲ. ಇದರಲ್ಲಿ ನೀನು ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದು ಏನೂ ಇಲ್ಲ.

ನಿನ್ನನ್ನು ಹಗುರವಾಗಿ ಕಂಡೆನೇ ಎಂದು ಕೇಳಿದ್ದೀಯ. ಇಲ್ಲ. ಇಷ್ಟಕ್ಕಿಂತ ಹೆಚ್ಚು ನಾನು ಹೇಳಲಾರೆ, ಹೇಳಬೇಕೆಂದರೂ ನನಗೇ ಗೊತ್ತಿಲ್ಲ.

ಆಟದ ಬಗ್ಗೆ ಹೇಳುವುದಾದರೆ, ಮೊದಲರ್ಧ ನೀನು ಚೆನ್ನಾಗಿಯೇ ಆಡಿದೆ. ನನ್ನ ಎಡಗಡೆಯ ಒಂಟೆಯನ್ನು ಮೂಲೆಗೆ ತಳ್ಳಿ ಕೂರಿಸಿದ್ದು ಒಳ್ಳೆಯ ಉಪಾಯ, ಹಳೆಯ ಕತ್ತರಿ ಆಗಿದ್ದರೆ ಅದನ್ನು ಹೊಡೆಯುವ ಆತುರದಲ್ಲಿ ಕುದುರೆ ಕಳೆದುಕೊಳ್ಳುತ್ತಿದ್ದ. ಆಮೇಲೆ ನಿನ್ನ ಆನೆಯನ್ನು ಸುಮ್ಮನೆ ಅತ್ತ ಇತ್ತ ಓಡಾಡಿಸಿದೆ. ಆ ಹೊತ್ತಿಗೆ ನಿನ್ನ ಕುದುರೆ ನಡುವಿಗೆ ಬಂದಿದ್ದರೆ ಯಾರ ಸಹಾಯವೂ ಇಲ್ಲದೆ, ನನ್ನ ತಪ್ಪಿನ ಸಹಾಯವೂ ಇಲ್ಲದೆ ಗೆಲ್ಲುತ್ತಿದ್ದೆ. ಹಾಳೆ ತೆಗೆದು ನೋಡು.

ಫೋನ್ ಮಾಡುವ ಮನಸ್ಸಾದರೆ ಮಾಡಬೇಡ. ನನ್ನ ಎಡಗಿವಿ ಪೂರ್ತಿ ಕೈಕೊಟ್ಟಿದೆ. ಬಲಗಿವಿಗೆ ಹಾಕಿರುವ ಯಂತ್ರ ಫೋನ್ ಹತ್ತಿರ ಬಂದರೆ ಸಿಳ್ಳೆ ಹೊಡೆಯುತ್ತದೆ. ಬರೆ, ಓದುತ್ತೇನೆ.

ಕಳೆದ ಚಳಿಗಾಲದಲ್ಲಿ ನನ್ನ ಕೆಳಗಿನ ಮಹಡಿಯವರು ಮನೆ ಬಿಟ್ಟು ಹೋದರು. ಈಗ ಕೆಳಗೂ ಖಾಲಿ, ಪಕ್ಕದಲ್ಲೂ ಖಾಲಿ. ನಾನು ಕುರ್ಚಿ ಎಳೆದರೆ ಬೈಯುವವರೂ ಇಲ್ಲ.

ಅಕ್ಕ


ಮಾರ್ಚ್ ೧೭

ಅಕ್ಕ,

ನಿನ್ನ ಕಾಗದ ಓದಿ ಹಾಳೆ ತೆಗೆದು ನೋಡಿದೆ. ಕುದುರೆ ನಡುವಿಗೆ ಬರಬೇಕಿತ್ತು, ಒಪ್ಪಿದೆ. ನಿನ್ನ ಮಾತು ಸರಿಯಾಗಿರುವುದೇ ನನಗೆ ಮೊದಲಿನಿಂದ ತಲೆನೋವು.

ಇದನ್ನು ಬೇರೆ ಕಾರಣಕ್ಕೆ ಬರೆಯುತ್ತಿದ್ದೇನೆ. ಹೋದ ವಾರ ಕ್ಲಬ್ಬಿಗೆ ಹೋಗಿದ್ದೆ. ಮುಂದಿನ ಪಂದ್ಯದ ಪಟ್ಟಿಯಲ್ಲಿ ನಿನ್ನ ಹೆಸರಿರಲಿಲ್ಲ. ಕಾರ್ಯದರ್ಶಿಯನ್ನು ಕೇಳಿದೆ. “ನಿಮ್ಗೇ ಗೊತ್ತಿಲ್ವಾ? ಅವ್ರು ಆಡೋದೂ ಬಿಟ್ರು, ಮಕ್ಳಿಗೆ ಹೇಳ್ಕೊಡೋದೂ ಬಿಟ್ರು. ಕಾರಣ ಕೇಳಿದ್ರೆ ಸಾಕಾಯ್ತು ಅಂದ್ರಂತೆ” ಎಂದರು. ತಮ್ಮನಾಗಿ ಇದನ್ನು ಮೂರನೆಯವರಿಂದ ಕೇಳಿಸಿಕೊಳ್ಳುವುದು ಎಷ್ಟು ಚೆನ್ನಾಗಿತ್ತು ಗೊತ್ತಾ? ಗೊತ್ತಿದ್ದವನ ಹಾಗೆ ತಲೆಯಾಡಿಸಿ ಹೊರಗೆ ಬಂದೆ.

ನಿನಗೆ ಸಾಕಾಗಿದೆ ಎಂದರೆ ನಾನು ನಂಬುವುದಿಲ್ಲ. ಜ್ವರ ಬಂದು ಮಲಗಿದಾಗಲೂ ಹೊದಿಕೆಯ ಮೇಲೆ ಕಾಯಿ ಜೋಡಿಸಿಕೊಂಡು ಕೂತಿದ್ದವಳು ನೀನು. ನಿಜ ಹೇಳು, ನನ್ನ ಕೈಲಿ ಸೋತೆ ಎಂಬ ಅವಮಾನಕ್ಕಾ? ಹಾಗಿದ್ದರೆ ನನ್ನ ಗೆಲುವನ್ನು ನೀನೇ ಇಟ್ಟುಕೋ. ಹೆಚ್ಚು ರೇಟಿಂಗಿನವರನ್ನು ಸೋಲಿಸಿದ್ದಕ್ಕೆ ಒಂದು ಪುಟ್ಟ ಕಪ್ ಕೊಟ್ಟಿದ್ದಾರೆ. ಅದು ಲಿಫ್ಟಿನ ಮೋಟಾರ್ ರೂಮಿನ ಕಿಟಕಿಯಲ್ಲಿ ಕೂತಿದೆ, ಅದರ ತುಂಬ ನಟ್ಟು ಬೋಲ್ಟು ಹಾಕಿಟ್ಟಿದ್ದೇನೆ. ಮನೆಗೆ ತಂದು ಯಾರಿಗೆ ತೋರಿಸಲಿ?

ನಾನು ಮತ್ತೆ ಆಟ ಶುರು ಮಾಡಿದ್ದು ನಿನ್ನ ಮೇಲೆ ಸೇಡಿಗೆ ಎಂದುಕೊಳ್ಳಬೇಡ. ನನ್ನವಳು ಹೋದ ಮೇಲೆ ಸಂಜೆ ಕಳೆಯುವುದೇ ಕಷ್ಟವಾಯಿತು. ಕೆಲಸ ಮುಗಿಸಿ ಬಂದು ಬೀಗ ತೆಗೆಯುವಾಗ ಒಳಗಿನಿಂದ ಯಾವ ಸದ್ದೂ ಬರುವುದಿಲ್ಲವಲ್ಲ, ಆ ಒಂದು ಕ್ಷಣ ಇದೆಯಲ್ಲ, ಅದನ್ನು ದಾಟಲು ಆಗುತ್ತಿರಲಿಲ್ಲ. ಕ್ಲಬ್ಬಿನಲ್ಲಿ ಯಾರೂ ಮಾತಾಡದಿದ್ದರೂ ಎದುರಿಗೆ ಒಬ್ಬರು ಕೂತಿರುತ್ತಾರೆ. ನನಗೆ ಅಷ್ಟೇ ಸಾಕಿತ್ತು.

ನನ್ನ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಾಗ ಒಳಗೆ ಸಿಕ್ಕಿಕೊಂಡವರು ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಮೊನ್ನೆ ಒಬ್ಬ ಹೆಂಗಸು ನಾನು ಮೇಲೆ ಬ್ರೇಕು ಬಿಡಿಸುವಷ್ಟು ಹೊತ್ತೂ ತನ್ನ ತಾಯಿಯ ವಿಷಯ ಹೇಳಿಕೊಂಡು ಅತ್ತರು. ನಾನೂ ಮೇಲಿನಿಂದ “ಹೂಂ ಅಮ್ಮ, ಹೇಳಿ ಅಮ್ಮ” ಎನ್ನುತ್ತಿದ್ದೆ. ಬಾಗಿಲು ತೆರೆದ ಮೇಲೆ ನನ್ನ ಮುಖ ಕೂಡ ನೋಡದೆ ಸೆರಗು ಸರಿಮಾಡಿಕೊಂಡು ಹೋದರು. ನಾನು ತಪ್ಪು ತಿಳಿಯಲಿಲ್ಲ. ಬಾಗಿಲು ಮುಚ್ಚಿರುವಾಗ ಮಾತ್ರ ಬರುವ ಮಾತುಗಳು ಕೆಲವು ಇರುತ್ತವೆ.

ನೀನೂ ಬಾಗಿಲು ಮುಚ್ಚಿಕೊಂಡೇ ಹೇಳು. ನಾನು ಮುಖ ನೋಡುವುದಿಲ್ಲ.

ತಮ್ಮ


ಏಪ್ರಿಲ್ ೫

ಕತ್ತರಿ,

ನಿನ್ನ ಲಿಫ್ಟಿನ ಹೆಂಗಸಿನ ಕಥೆ ಓದಿ ಕಾಗದವನ್ನು ಮಡಚಿಟ್ಟೆ. ಮತ್ತೆ ಬಿಚ್ಚಿ ಓದಿದೆ. ಹೇಳುತ್ತೇನೆ.

ನನಗೆ ಭಯವಾಗಿದೆ.

ನಿನ್ನ ಕೈಲಿ ಸೋತದ್ದಕ್ಕೆ ಅಲ್ಲ. ಮರದ ಕಾಯಿ ನಡೆಸುವುದಷ್ಟೇ ಗೊತ್ತಿರುವ ಮಕ್ಕಳ ಕೈಲೂ ನಾನು ಸೋತಿದ್ದೇನೆ, ಅದು ಆಟ. ನನಗೆ ಭಯವಾದದ್ದು ಆ ಆನೆಯಿಂದ. ಎಷ್ಟು ಮಕ್ಕಳಿಗೆ ಆ ನಿಯಮ ಹೇಳಿಕೊಟ್ಟಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. “ಗಡಿಯಾರ ನಿಲ್ಲಿಸು, ಕೈ ಎತ್ತು, ರಾಣಿ ಕೇಳು” ಎಂದು ತರಗತಿಯಲ್ಲಿ ಹಾಡಿನ ಹಾಗೆ ಹೇಳಿಸುತ್ತಿದ್ದೆ. ಅಂಥವಳು ಅದನ್ನು ಮರೆತೆ. ತಪ್ಪು ಮಾಡಿದೆ ಎಂಬುದು ತೀರ್ಪುಗಾರರು ಬಂದು ಹೇಳುವ ತನಕ ನನಗೆ ತಿಳಿಯಲೂ ಇಲ್ಲ. ಆ ಕಾಯಿ ಸಾಕ್ಷಾತ್ ರಾಣಿಯ ಹಾಗೇ ಕಾಣಿಸುತ್ತಿತ್ತು. ಅವರು ಮಾತಾಡುತ್ತಿದ್ದಾಗ, ಇವರು ಯಾಕೆ ಇದನ್ನು ಆನೆ ಎನ್ನುತ್ತಿದ್ದಾರೆ ಎಂದು ಯೋಚಿಸುತ್ತಿದ್ದೆ.

ಅದಕ್ಕೇ ಅಷ್ಟು ಬೇಗ ಎದ್ದು ಹೋದೆ. ನಿನ್ನ ಮುಖ ನೋಡಲು ಇಷ್ಟವಿಲ್ಲದೆ ಅಲ್ಲ, ನನ್ನ ಮುಖ ನೀನು ನೋಡಬಾರದೆಂದು.

ಇನ್ನೂ ಇದೆ. ಆ ಆನೆ ನನ್ನ ಕೈಗೆ ಹೇಗೆ ಬಂತು ಎಂಬುದೇ ನನಗೆ ನೆನಪಿಲ್ಲ. ನೀನು ಹೊಡೆದ ಕಾಯಿಗಳೆಲ್ಲ ನಿನ್ನ ಕಡೆ, ನಿನ್ನ ಮೊಣಕೈ ಹತ್ತಿರ ಇದ್ದವು. ನಾನು ಅಲ್ಲಿಗೆ ಕೈ ಚಾಚಿದ್ದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಕಾಲಾಳನ್ನು ಮುಂದಿಟ್ಟದ್ದು ನೆನಪಿದೆ, ಆಮೇಲೆ ಆನೆ ಕೈಯಲ್ಲಿದೆ. ನಡುವಿನದು ಅಳಿಸಿಹೋಗಿದೆ. ಅದಕ್ಕಿಂತ ಕೆಟ್ಟದ್ದು ಕೇಳು. ಆ ಹೊತ್ತಿಗೆ ನನಗೆ ಅಪ್ಪನ ದನಿ ಕೇಳಿಸಿತು. ಸ್ಪಷ್ಟವಾಗಿ, ಬಲಗಿವಿಯ ಹತ್ತಿರವೇ, “ಬನ್ನಿ ಬನ್ನಿ, ಕುರ್ಚಿ ಖಾಲಿ ಇದೆ.” ನಿನ್ನ ಕಾಗದದಲ್ಲಿ ಅದೇ ಮಾತು ಬರೆದಿದ್ದೆಯಲ್ಲ, ಅದನ್ನು ಓದಿದಾಗ ಕಾಗದವನ್ನು ಮಗುಚಿಟ್ಟು ಎದ್ದುಹೋದೆ. ಅದಕ್ಕೇ ನಿನಗೆ ಹಾಗೆ ಒಣ ಉತ್ತರ ಬರೆದೆ.

ಅವತ್ತಿನಿಂದ ನನ್ನನ್ನು ನಾನೇ ಪತ್ತೇದಾರರ ಹಾಗೆ ಹಿಂಬಾಲಿಸುತ್ತಿದ್ದೇನೆ. ಬೆಳಿಗ್ಗೆ ಹಲ್ಲುಜ್ಜುವಾಗ ಹಳೆಯ ಆಟಗಳನ್ನು ಮನಸ್ಸಿನಲ್ಲೇ ಆಡಿ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ನೋಡುತ್ತೇನೆ. ಆರಿಸಿರುತ್ತೇನೆ. ಆದರೂ ಸಮಾಧಾನವಿಲ್ಲ. ಒಬ್ಬಳೇ ಇರುವವಳಿಗೆ ಇದೇ ಕಷ್ಟ ನೋಡು. ಜೊತೆಯಲ್ಲಿ ಯಾರಾದರೂ ಇದ್ದರೆ “ಅಯ್ಯೋ ನೀನು ಮೊದಲಿಂದ್ಲೂ ಹೀಗೇ” ಎಂದು ಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಮೊದಲು ಹೇಗಿದ್ದೆ ಎಂದು ಹೇಳುವವರು ಇಲ್ಲಿ ಯಾರೂ ಇಲ್ಲ. ಮಕ್ಕಳಿಗೆ ಪಾಠ ಮಾಡುವುದನ್ನು ಅದಕ್ಕೇ ಬಿಟ್ಟೆ. ಅವರ ಮುಂದೆ ಏನಾದರೂ ತಪ್ಪಿದರೆ, ಅವರು ನಗದೆ ಸುಮ್ಮನಿದ್ದುಬಿಟ್ಟರೆ, ಅದನ್ನು ನಾನು ತಡೆಯಲಾರೆ.

ಡಾಕ್ಟರ ಹತ್ತಿರ ಹೋಗಿದ್ದೆ. ಮರೆವಿನವರಿಗೆಂದೇ ಬೇರೆ ವಿಭಾಗ ಇದೆ. ಅಲ್ಲಿನ ಕಾರಿಡಾರಿನಲ್ಲಿ ಕುರ್ಚಿಗಳನ್ನು ಜೋಡಿಜೋಡಿಯಾಗಿ ಹಾಕಿದ್ದಾರೆ, ಒಂದು ಬಂದವರಿಗೆ, ಒಂದು ಕರೆತಂದವರಿಗೆ. ಗಂಡನ ಪಕ್ಕ ಹೆಂಡತಿ, ತಾಯಿಯ ಪಕ್ಕ ಮಗಳು. ನನ್ನ ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಇಟ್ಟುಕೊಂಡೆ, ಯಾರೋ ಎದ್ದು ಈಗಷ್ಟೇ ಒಳಗೆ ಹೋದವರ ಹಾಗೆ ಕಾಣಲಿ ಎಂದು. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಗಡಿಯಾರದ ಚಿತ್ರ ಬರೆಸಿದರು, ಪದಗಳನ್ನು ಹೇಳಿಸಿದರು. ಅಪ್ಪನ ದನಿಯ ವಿಷಯವನ್ನೂ, ಆನೆ ಕೈಗೆ ಬಂದದ್ದು ನೆನಪಿಲ್ಲದ್ದನ್ನೂ ಬರೆದುಕೊಂಡರು. ಆಮೇಲೆ, “ನಿಮ್ಮನ್ನ ಚಿಕ್ಕಂದಿನಿಂದ ಬಲ್ಲವ್ರು ಯಾರಾದ್ರೂ ಒಬ್ರು ಬರ್ಬೇಕಮ್ಮ, ಅವ್ರ ಜೊತೆ ಮಾತಾಡ್ದೆ ನಾವೇನೂ ಹೇಳಕ್ಕಾಗಲ್ಲ” ಎಂದರು. “ನೋಡ್ತೀನಿ” ಅಂದೆ. ಮುಂದಿನ ಸಲದ ದಿನ ಕೊಟ್ಟಿದ್ದಾರೆ. ಹೋಗುವುದೋ ಬೇಡವೋ ತಿಳಿಯದು.

ಇದನ್ನು ನಿನಗೆ ಬರೆಯಬಾರದಿತ್ತು. ಬರೆದೆ.

ಅಕ್ಕ


ಏಪ್ರಿಲ್ ೨೬

ಕತ್ತರಿ,

ನಿನ್ನಿಂದ ಉತ್ತರ ಇಲ್ಲ. ಸರಿಯೇ. ಹಿಂದಿನ ಕಾಗದವನ್ನು ಹರಿದುಹಾಕು. ಅವತ್ತು ಮನಸ್ಸು ಸರಿಯಿರಲಿಲ್ಲ. ನಾನು ಚೆನ್ನಾಗಿಯೇ ಇದ್ದೇನೆ.

ಅಕ್ಕ


ಮೇ ೩

ಅಕ್ಕ,

ಹರಿದಿಲ್ಲ. ಹರಿಯುವುದೂ ಇಲ್ಲ.

ತಡವಾದದ್ದಕ್ಕೆ ಬೈ, ಬೈಸಿಕೊಳ್ಳುತ್ತೇನೆ. ನಿನ್ನ ಕಾಗದ ಬಂದ ದಿನವೇ ಓದಿದೆ. ಓದಿ ಏನು ಬರೆಯಬೇಕೆಂದು ತಿಳಿಯಲಿಲ್ಲ. “ಏನೂ ಆಗಲ್ಲ ಬಿಡು” ಎಂದು ಬರೆಯಬಹುದಿತ್ತು. ನನ್ನವಳು ಹಾಸಿಗೆ ಹಿಡಿದಾಗ ಬಂದವರೆಲ್ಲ ಅದನ್ನೇ ಹೇಳಿದರು, ಆ ಮಾತು ನನಗೆ ಆಗದು. ಎರಡು ಸಲ ಶುರು ಮಾಡಿ ಬಿಟ್ಟೆ. ಜೊತೆಗೆ ಇನ್ನೊಂದು ಯೋಚನೆ ಕೊರೆಯುತ್ತಿತ್ತು. ನೀನು ಹೇಳಿದ್ದು ಎಲ್ಲೋ ಹೊಂದುತ್ತಿರಲಿಲ್ಲ. ಲಿಫ್ಟ್ ರಿಪೇರಿಯಾದ ಮೇಲೂ ಎಲ್ಲೋ ಒಂದು ಸಣ್ಣ ಸದ್ದು ಉಳಿದುಬಿಡುತ್ತದೆ ನೋಡು, ಹಾಗೆ. ಎಲ್ಲಿಂದ ಎಂದು ಗೊತ್ತಾಗುವ ತನಕ ನಾನು ಸಾಮಾನು ಕಟ್ಟುವುದಿಲ್ಲ.

ನಿನ್ನೆ ಸಂಜೆ ಅಟ್ಟದಿಂದ ಅಪ್ಪನ ಚೆಸ್ ಪೆಟ್ಟಿಗೆ ಇಳಿಸಿದೆ. ಅಂಗಡಿ ಖಾಲಿ ಮಾಡಿದಾಗ ನಾನು ತಂದಿಟ್ಟುಕೊಂಡದ್ದು ಅದೊಂದೇ. ಮುಚ್ಚಳ ತೆರೆದರೆ ಇನ್ನೂ ಪೌಡರಿನ ವಾಸನೆ ಇದೆ ಅಕ್ಕ. ಊಟದ ಮೇಜಿನ ಮೇಲೆ ಹಲಗೆ ಹಾಸಿ, ನಮ್ಮ ಆಟದ ಹಾಳೆ ಪಕ್ಕದಲ್ಲಿಟ್ಟುಕೊಂಡು, ನಿನ್ನ ನಡೆ ನನ್ನ ನಡೆ ಎರಡನ್ನೂ ನಾನೇ ಆಡುತ್ತ ಬಂದೆ. ಹೊಡೆದ ಕಾಯಿಗಳನ್ನು ಅವತ್ತಿನ ಹಾಗೇ ನನ್ನ ಮೊಣಕೈ ಹತ್ತಿರ ಸೇರಿಸಿದೆ.

ನಿನ್ನ ಕಾಲಾಳನ್ನು ಕೊನೆಯ ಮನೆಗೆ ತಳ್ಳಿದೆ. ತಳ್ಳಿದ ಕೂಡಲೇ ನನ್ನ ಎಡಗೈ ತಾನಾಗಿ ಹೋಗಿ ಬಿದ್ದಿದ್ದ ಆನೆಯನ್ನು ಎತ್ತಿ, ಎದುರಿನ ಖಾಲಿ ಜಾಗದ ಕಡೆ ಸರಿಸಿತು. ಸರಿಸುವಾಗ ನನ್ನ ಬಾಯಿಂದ ಮಾತು ಬಂತು. “ಬನ್ನಿ ಬನ್ನಿ, ಕುರ್ಚಿ ಖಾಲಿ ಇದೆ.”

ಯಾರೂ ಇಲ್ಲದ ಮನೆಯಲ್ಲಿ ಆ ದನಿ ಕೇಳಿ ನಾನೇ ಬೆಚ್ಚಿದೆ. ಅಪ್ಪನ ದನಿಯೇ. ಹೆಚ್ಚುಕಡಿಮೆ ಏನೂ ಇಲ್ಲ. ವಯಸ್ಸಾಗುತ್ತ ನನ್ನ ಗಂಟಲು ಅವರದ್ದೇ ಆಗಿಹೋಗಿದೆ, ಇಷ್ಟು ದಿನ ನನಗೆ ಹೇಳುವವರು ಯಾರಿದ್ದರು?

ಅಪ್ಪನ ಅಂಗಡಿಯ ಪದ್ಧತಿ ಈಗ ನೆನಪಾಯಿತಾ? ಕಾಲಾಳು ಕೊನೆಯ ಮನೆ ಮುಟ್ಟಿದರೆ ಅದನ್ನು ತಡೆಯಲಾಗದವನೇ ಆನೆಯನ್ನು ಎತ್ತಿ ಎದುರಿನವರಿಗೆ ಕೊಡಬೇಕು. ಗಿರಾಕಿ ಬಂದರೆ ನಾವೇ ಕುರ್ಚಿ ಒರೆಸಿ ಕೊಡಬೇಕು ಎನ್ನುತ್ತಿದ್ದರಲ್ಲ, ಹಾಗೆ, ಅದೇ ಮಾತು ಹೇಳಿ ಕೊಡಬೇಕು. ನಿನ್ನ ಕಾಲಾಳುಗಳೇ ಯಾವಾಗಲೂ ಬಂದು ಮುಟ್ಟುತ್ತಿದ್ದದ್ದು. ಆನೆ ಎತ್ತಿ ಕೊಡುವ ಕೆಲಸ ಯಾವಾಗಲೂ ನನ್ನದೇ. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಕೊಡುತ್ತಿದ್ದೆ.

ಅಕ್ಕ, ನೀನು ಕೈ ಚಾಚಿದ್ದು ನಿನಗೆ ನೆನಪಿಲ್ಲ, ಯಾಕೆಂದರೆ ನೀನು ಚಾಚಲೇ ಇಲ್ಲ. ಕೊಟ್ಟದ್ದು ನಾನು. ನಿನಗೆ ಕೇಳಿಸಿದ್ದು ಅಪ್ಪನ ದನಿ ಅಲ್ಲ, ನನ್ನದು. ನಿನ್ನ ಬಲಗಿವಿಯ ಯಂತ್ರ ಸರಿಯಾಗಿಯೇ ಕೇಳಿಸಿಕೊಂಡಿತು. ಗಡಿಯಾರದ ಕಡೆ ಕಣ್ಣಿಟ್ಟು ಒದ್ದಾಡುತ್ತಿದ್ದ ನಾನು ಏನು ಮಾಡಿದೆ ಎಂಬುದು ನನಗೇ ತಿಳಿಯಲಿಲ್ಲ. ತಲೆ ಎತ್ತುವ ಹೊತ್ತಿಗೆ ಆನೆ ಮಗುಚಿಕೊಂಡು ನಿಂತಿತ್ತು. ನಿನ್ನದೇ ಕೆಲಸ ಎಂದುಕೊಂಡು ಉರಿದುಬಿದ್ದೆ. ಆಟದ ನಡುವೆ ಎದುರಾಳಿಯನ್ನು ಮಾತಾಡಿಸಿದ್ದಕ್ಕೆ ತೀರ್ಪುಗಾರರು ಮೊದಲು ನನ್ನ ಕಿವಿ ಹಿಂಡಬೇಕಿತ್ತು. ಅವರಿಗೆ ಕೇಳಿಸಲಿಲ್ಲ. ಕಿವಿ ಕೇಳದ ನೀನೊಬ್ಬಳೇ ಕೇಳಿಸಿಕೊಂಡೆ.

ನೀನು ನಿಯಮ ಮರೆಯಲಿಲ್ಲ. ನಾನು ಆನೆ ಕೊಟ್ಟೆ, ನೀನು ಮಗುಚಿ ಇಟ್ಟೆ. ಮೂವತ್ತು ನಲವತ್ತು ವರ್ಷದ ಹಿಂದೆ ಪ್ರತಿ ಸಂಜೆ ಮಾಡುತ್ತಿದ್ದದ್ದನ್ನೇ ಇಬ್ಬರೂ ಮಾಡಿದೆವು. ಆ ದೊಡ್ಡ ಹಾಲಿನಲ್ಲಿ, ಅಷ್ಟು ಜನರ ನಡುವೆ, ಒಂದು ಗಳಿಗೆ ನಾವಿಬ್ಬರೂ ಅಂಗಡಿಯಲ್ಲಿದ್ದೆವು. ಇದು ಮರೆವು ಹೇಗಾಗುತ್ತದೆ? ಡಾಕ್ಟರಿಗೆ ಹೇಳು, ಬರೆದುಕೊಂಡದ್ದರಲ್ಲಿ ಎರಡನ್ನು ಹೊಡೆದು ಹಾಕಲಿ.

ಉಳಿದದ್ದು ನನಗೆ ಗೊತ್ತಿಲ್ಲ. ಒಲೆಯ ವಿಷಯ ಹೇಳುವುದಾದರೆ, ನೀನು ಶಾಲೆಗೆ ಹೋಗುವ ಕಾಲದಲ್ಲೂ ಅಂಗಡಿಯ ಬೀಗ ಎಳೆದು ನೋಡಿ, ಬೀದಿಯ ತುದಿಯವರೆಗೂ ಹೋಗಿ, ನನ್ನನ್ನು ಅಲ್ಲೇ ನಿಲ್ಲಿಸಿ, ವಾಪಸ್ ಬಂದು ಮತ್ತೆ ಎಳೆದು ನೋಡುತ್ತಿದ್ದೆ. ಮಳೆಯಲ್ಲೂ ನಿಲ್ಲಿಸಿದ್ದೀಯ. ಅಯ್ಯೋ, ನೀನು ಮೊದಲಿಂದ್ಲೂ ಹೀಗೇ.

ಆ ಕಪ್ಪಿನಿಂದ ನಟ್ಟು ಬೋಲ್ಟು ತೆಗೆದು ತೊಳೆದಿಟ್ಟಿದ್ದೇನೆ. ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ನನ್ನ ಗೆಲುವು ಅಂಥ ಗೆಲುವೇನಲ್ಲ ಎಂದು ಗೊತ್ತಾದ ಮೇಲೆ ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು, ಇದಕ್ಕೇನು ಹೇಳುತ್ತೀಯ?

ನಿನ್ನ ಕತ್ತರಿ


ಮೇ ೧೨

ಕತ್ತರಿ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಓದಿ ಅಲ್ಲೇ ಕೂತು ಅತ್ತೆ. ಕೆಳಗಿನ ಮಹಡಿ ಖಾಲಿ ಇರುವುದು ಒಳ್ಳೆಯದೇ ಆಯಿತು.

ಸಂಜೆ ಮೇಜಿನ ಮೇಲೆ ಒಂದು ಕಾಲಾಳು ಮಾತ್ರ ಇಟ್ಟುಕೊಂಡು ಕೊನೆಯ ಮನೆಗೆ ನಡೆಸಿ ನೋಡಿದೆ. ಕೈ ಖಾಲಿಯೇ ಉಳಿಯಿತು. ಕೊಡುವವರು ಎದುರಿಗೆ ಇರಲಿಲ್ಲ. ಆಗ ನಿನ್ನ ಮಾತು ಪೂರ್ತಿ ನಂಬಿಕೆಯಾಯಿತು. ಬೇರೆ ಯಾರ ಎದುರಾದರೂ ಹಾಗೆ ಮಾಡುತ್ತಿದ್ದೆಯಾ ಎಂದು ನಿನ್ನ ಮೊದಲ ಕಾಗದದಲ್ಲಿ ಕೇಳಿದ್ದೆ. ಇಲ್ಲ ಕಣೋ. ಬೇರೆ ಯಾರ ಎದುರೂ ಮಾಡುತ್ತಿರಲಿಲ್ಲ.

ಇನ್ನು ಮೇಲೆ ನನಗೆ ಏನೂ ಆಗಿಲ್ಲ ಎಂದು ಹಾರಾಡುವಷ್ಟು ದಡ್ಡಿ ನಾನಲ್ಲ. ವಯಸ್ಸಾಗಿದೆ. ಮೊನ್ನೆ ಹಾಲಿನವನು ಬಂದು ಹೋದದ್ದನ್ನು ಮರೆತು ಮತ್ತೊಮ್ಮೆ ಬಾಗಿಲು ತೆರೆದೆ. ಡಾಕ್ಟರು ಏನು ಹೇಳುತ್ತಾರೋ, ಕೇಳಿಯೇ ತಿಳಿಯಬೇಕು. ಆದರೆ ಅವತ್ತಿನಿಂದ ಎದೆಯ ಮೇಲೆ ಕೂತಿದ್ದದ್ದು 'ಏನಾಗುತ್ತದೋ' ಎಂಬ ಭಯ ಮಾತ್ರವಲ್ಲ. ಅಪ್ಪ ನನ್ನನ್ನು ಕರೆದದ್ದು ನಿಜವಿರಬಹುದೇ ಎಂದು ಒಂದು ಆಸೆಯೂ ಇತ್ತು. ಅದನ್ನು ನಿನಗೆ ಬರೆದಿರಲಿಲ್ಲ. ಪೇಪರಿನವರಿಗೆ ಕೋಚ್ ಹೆಸರು ಹೇಳಿದ ವಿಷಯವಾಗಿ ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ ನೋಡು. ಹಾಗಾಗಿ ನನ್ನ ಉತ್ತರವೂ ನನ್ನಲ್ಲೇ ಉಳಿದಿದೆ. ಅದನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ. ಎದುರಿಗೆ ಕೂತರೆ ನಿನಗೆ ಹೇಳಿಯೇನು. ಈಗ ಆ ದನಿ ನಿನ್ನ ಹತ್ತಿರ ಇದೆ.

ಕಪ್ಪನ್ನು ಹಿಂದಕ್ಕೆ ಕೊಡುವ ಹುಚ್ಚುತನ ಮಾಡಬೇಡ. ಹಲಗೆಯ ಮೇಲೆ ಆದದ್ದು ಆಯಿತು, ನೀನು ಗೆದ್ದೆ, ನಾನು ಸಹಿ ಹಾಕಿದ್ದೇನೆ. ನಟ್ಟು ಬೋಲ್ಟು ಮತ್ತೆ ಅದಕ್ಕೇ ಹಾಕು. ಖಾಲಿ ಕಪ್ಪು ನೋಡಲು ಚೆನ್ನಾಗಿರುವುದಿಲ್ಲ.

ಈ ತಿಂಗಳ ಕೊನೆಯ ಗುರುವಾರ ಬೆಳಿಗ್ಗೆ ಡಾಕ್ಟರು ಮತ್ತೆ ಬರಹೇಳಿದ್ದಾರೆ. ಹೋಗುತ್ತೇನೆ. ಹಿಂದಿನ ಬಾಗಿಲಿಂದ ಒಳಗೆ ಬಂದು ಮೇಲಿನ ಮಹಡಿಗೆ ಹತ್ತಿದರೆ ಎಡಕ್ಕೆ ಉದ್ದನೆಯ ಕಾರಿಡಾರ್, ಗೋಡೆಗೆ ಹಸಿರು ಬಣ್ಣ. ಆಸ್ಪತ್ರೆಯ ಲಿಫ್ಟ್ ನಡುನಡುವೆ ನಿಲ್ಲುತ್ತದಂತೆ, ನೀನಾದರೂ ಮೆಟ್ಟಿಲು ಹತ್ತಿಯೇ ಬಾ. ನನ್ನ ಬಲಗಡೆ ಕೂರಬೇಕು, ಎಡಗಡೆ ಕೂತು ಎಷ್ಟು ಹರಟಿದರೂ ಕೇಳಿಸುವುದಿಲ್ಲ. ಈ ಸಲ ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡಿರುತ್ತೇನೆ.

ಬನ್ನಿ ಬನ್ನಿ, ಕುರ್ಚಿ ಖಾಲಿ ಇದೆ.

ಅಕ್ಕ